ವಸಡಿನ ಗುಳಿಗೆ ನುಂಗಿದ ಕುರಿ ದಲ್ಲಾಳಿ

ಸಿರಾ ಕುರಿಸಂತೆಯಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆ ಇದೆ: ಬಾಯಿ ತೋರಿಸದ ಟಗರಿಗೆ ಅರ್ಧ ಬೆಲೆ. ಮಾರುವವನು ಯಾವ ದೇವರ ಮೇಲೆ ಆಣೆಯಿಟ್ಟರೂ, ಟಗರಿನ ಮೈ ಎಷ್ಟೇ ಮಿರುಗುತ್ತಿದ್ದರೂ, ದಲ್ಲಾಳಿಯೊಬ್ಬ ಅದರ ಕೆಳದವಡೆ ಹಿಡಿದು, ತುಟಿ ಸರಿಸಿ, ಹಲ್ಲನ್ನೂ ವಸಡನ್ನೂ ನೋಡಿ ವಯಸ್ಸು ಹೇಳುವ ತನಕ ಆ ಪ್ರಾಣಿ ಇನ್ನೂ ಹುಟ್ಟಿಯೇ ಇಲ್ಲವೆಂದು ಲೆಕ್ಕ. ಈ ಕಟ್ಟಳೆ ಮಾಡಿದವರು ಯಾರೆಂದು ಕೇಳಿದರೆ ಮಧುಗಿರಿಯವರು ತಮ್ಮ ಮುತ್ತಾತಂದಿರತ್ತ ಕೈತೋರಿಸುತ್ತಾರೆ, ಪಾವಗಡದವರು ತಮ್ಮ ಮುತ್ತಾತಂದಿರತ್ತ. ಆದರೆ ಅದನ್ನು ಮನುಷ್ಯರ ಮೇಲೆ ಮೊದಲು ಜಾರಿಗೆ ತಂದವಳು ಕೊರಟಗೆರೆಯ ನರಸಿಂಹಮ್ಮನೆಂಬುದನ್ನೂ, ಜಾರಿಯಾದದ್ದು ನಿಡುಗಲ್ಲಿನ ಪಾಲಣ್ಣನ ಮೇಲೆಂಬುದನ್ನೂ ನಾಲ್ಕು ತಾಲ್ಲೂಕಿನವರು ತಕರಾರಿಲ್ಲದೆ ಒಪ್ಪುತ್ತಾರೆ. ಈ ನಾಲ್ಕು ತಾಲ್ಲೂಕು ಒಪ್ಪುವ ಮತ್ತೊಂದು ಸಂಗತಿ ಇನ್ನೂ ಸಿಕ್ಕಿಲ್ಲ.

ಪಾಲಣ್ಣ ಕುರಿ ದಲ್ಲಾಳಿ. ಅವನ ಹಿರಿಯರು ನಿಡುಗಲ್ ಕೋಟೆ ಕಾಯುತ್ತಿದ್ದರು. ಕೋಟೆಯೊಳಗೆ ಕಾಯುವಂಥದ್ದೇನೂ ಉಳಿಯದೆ ಹೋದಾಗ ಕುರಿ ಕಾಯತೊಡಗಿದರು. ಪಾಲಣ್ಣನ ಕಾಲಕ್ಕೆ ಅದೂ ಬೇಸರವಾಗಿ, ಬೇರೆಯವರು ಕಾಯ್ದ ಕುರಿಯ ಬಾಯಿ ನೋಡಿ ಬದುಕುವುದೇ ಲೇಸೆಂದು ತೋರಿತು. ಕುರಿಗೆ ಮೇಲಿನ ಮುಂಹಲ್ಲುಗಳಿಲ್ಲ. ಕೆಳಗಿನ ಸಾಲೇ ಅದರ ಜಾತಕ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಎಣಿಸುವುದು ಹಟ್ಟಿಯಲ್ಲಿ ಹುಟ್ಟಿದ ಯಾರಿಗಾದರೂ ಬರುತ್ತದೆ. ಸಾಲು ತುಂಬಿ ಬಾಯಿಗೂಡಿದ ಮೇಲೆ ವಯಸ್ಸು ಹೇಳುವುದಿದೆಯಲ್ಲ, ಅದು ಪಾಲಣ್ಣನಂಥವರ ವಿದ್ಯೆ. ಮುದಿ ಟಗರಿನ ಹಲ್ಲನ್ನು ಅರದಿಂದ ಉಜ್ಜಿ ಅದನ್ನು ಪ್ರಾಯಕ್ಕೆ ತರುವ ಕಳ್ಳರಿದ್ದಾರೆ; ಹಿಂದೆ ಸರಿದ ವಸಡನ್ನು ಮುಂದಕ್ಕೆಳೆದು ತರುವ ಕಳ್ಳ ಇನ್ನೂ ಹುಟ್ಟಿಲ್ಲ. ಗಡಿಯಾಚೆಯಿಂದ ಒಬ್ಬ ಅಂಥ ಟಗರನ್ನು ತಂದಾಗ ಪಾಲಣ್ಣ ಅದರ ತುಟಿ ಸರಿಸಿ ನೋಡಿ, ಇದನ್ನು ಮಾರಬೇಡ, ತಾಲ್ಲೂಕು ಕಚೇರಿಗೆ ಕರೆದೊಯ್ದು ವೃದ್ಧಾಪ್ಯ ವೇತನ ಮಾಡಿಸು ಎಂದು ಅವನದೇ ತೆಲುಗಿನಲ್ಲಿ ಹೇಳಿದ್ದನ್ನು ಸಂತೆ ಇಂದಿಗೂ ನೆನೆಯುತ್ತದೆ.

ಇಂಥವನ ಸ್ವಂತ ವಸಡು ಹಾಳಾಗಿತ್ತು. ಬೆಳಿಗ್ಗೆ ಬೇವಿನಕಡ್ಡಿ ಹಾಕಿದರೆ ಕಡ್ಡಿ ಕೆಂಪಾಗುತ್ತಿತ್ತು. ಸೀಬೆಹಣ್ಣು ಕಚ್ಚಿದರೆ ಹಣ್ಣಿನ ಮೇಲೆ ಕುಂಕುಮವಿಟ್ಟಂತೆ ಗುರುತು ಬೀಳುತ್ತಿತ್ತು. ನಾಲ್ಕು ಜನರೆದುರು ರಕ್ತ ಉಗುಳುವುದು ದಲ್ಲಾಳಿಯ ಮರ್ಯಾದೆಗೆ ಒಪ್ಪುವುದಿಲ್ಲವೆಂದು ಅವನು ಅದುವರೆಗೆ ಇಲ್ಲದ ಎಲೆಅಡಿಕೆಯ ಚಟವನ್ನು ಐವತ್ತು ದಾಟಿದ ಮೇಲೆ ಕಷ್ಟಪಟ್ಟು ಕಲಿತ. ಒಂದು ಕೆಂಪು ಇನ್ನೊಂದು ಕೆಂಪನ್ನು ಮುಚ್ಚಿತು. ಅಡಿಕೆಯ ಚೂರು ವಸಡನ್ನು ಇನ್ನಷ್ಟು ಕೆದರಿತು. ಅದನ್ನು ಮುಚ್ಚಲು ಇನ್ನಷ್ಟು ಎಲೆ ಬೇಕಾಯಿತು. ಹೀಗೆ ಎರಡೂ ಕೂಡಿ ಸುಖವಾಗಿ ಬೆಳೆದವು.

ನರಸಿಂಹಮ್ಮ ಕೊರಟಗೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮುದ್ದೆ ಊಟದ ಹೋಟೆಲ್ ನಡೆಸುವ ವಿಧವೆ. ಟಗರು ಕೊಳ್ಳಲು ಆಳನ್ನು ಕಳಿಸುವವಳಲ್ಲ. ಸಂತೆಯ ದಿನ ತಾನೇ ಸಿರಾಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂದೆಯೊಳಗೆ ನುಗ್ಗುವವಳು. ಹೆಂಡತಿ ಸತ್ತು ಎಷ್ಟೋ ವರ್ಷವಾಗಿದ್ದ ಪಾಲಣ್ಣ ಅವಳಿಗೆ ಬಹುಕಾಲದಿಂದ ಟಗರು ಆರಿಸಿ ಕೊಡುತ್ತಿದ್ದ. ಮೊದಮೊದಲು ಅವಳು 'ಪಾಲಣ್ಣ' ಎಂದು ಬಾಯ್ತುಂಬ ಕರೆಯುತ್ತಿದ್ದಳು. ಒಂದು ದಿನ ಆ ಹೆಸರಿನೊಳಗಿನ 'ಅಣ್ಣ' ಅವಳ ಗಂಟಲಲ್ಲಿ ನಿಂತುಬಿಟ್ಟಿತು. ಅಂದಿನಿಂದ ಬರೀ 'ದಲ್ಲಾಳಿ' ಎನ್ನತೊಡಗಿದಳು. ಸಂತೆಯವರು ಮುಖ ಮುಖ ನೋಡಿಕೊಂಡರು. ಪಾಲಣ್ಣನಿಗೂ ತಿಳಿಯಿತು. ಅವನು ಕೊರಟಗೆರೆಯ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ಇಳಿದು ಅವಳ ಹೋಟೆಲಿನಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡ. ಮುದ್ದೆಯನ್ನು ನುಂಗುವುದೇ ಧರ್ಮವಾದ್ದರಿಂದ ಅಲ್ಲಿ ಹಲ್ಲಿಗೆ ಕೆಲಸವಿರಲಿಲ್ಲ. ತುಂಡುಗಳನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಕೆಲವು ವಾರಗಳಾದ ಮೇಲೆ, ಕೇಳದೆಯೇ, ಅವನ ತಟ್ಟೆಗೆ ಕುರಿಯ ಈಲಿಯ, ಮೆತ್ತನೆಯ ಕಲೀಜದ ತುಂಡುಗಳು ಬೀಳತೊಡಗಿದವು. ತಾನು ಒಂಟಿಯಾಗಿ ಉಂಡ ವರ್ಷಗಳಲ್ಲಿ ತನ್ನ ತಟ್ಟೆಯನ್ನು ಹೀಗೆ ಯಾರೂ ನೋಡಿರಲಿಲ್ಲವೆಂದು ಪಾಲಣ್ಣನಿಗೆ ಅನ್ನಿಸಿತು. ಆ ಕಲೀಜ ಗಂಟಲಲ್ಲಿ ಇಳಿಯುವಾಗ ಎದೆಯಲ್ಲೂ ಏನೋ ಇಳಿಯಿತು. ಅವಳು ನೋಡಿದ್ದು ತಟ್ಟೆಯನ್ನಷ್ಟೇ ಅಲ್ಲವೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ವಯಸ್ಸೆಷ್ಟೆಂದು ಅವಳು ಒಮ್ಮೆ ಸಹಜವಾಗಿ ಕೇಳಿದ್ದಕ್ಕೆ ಅವನು ನಲವತ್ತೆಂಟು ಎಂದಿದ್ದ. ನಿಜಕ್ಕೂ ಐವತ್ತೊಂಬತ್ತು. ಟಗರುಗಳ ವಿಷಯದಲ್ಲಿ ಒಂದು ತಿಂಗಳೂ ಸುಳ್ಳು ಹೇಳದ ಬಾಯಿ ತನ್ನ ವಿಷಯದಲ್ಲಿ ಒಂದೇ ನೆಗೆತಕ್ಕೆ ಹನ್ನೊಂದು ವರ್ಷ ದಾಟಿತ್ತು.

ಯುಗಾದಿಗೆ ಎರಡು ತಿಂಗಳಿದ್ದಾಗ ಒಂದು ಸಂತೆಯಲ್ಲಿ ಪಾಲಣ್ಣ ಧೈರ್ಯ ಮಾಡಿ ಸೀರುಡಿಕೆಯ ಮಾತೆತ್ತಿದ. ಅವರ ಕಡೆ ಗಂಡ ಸತ್ತವಳು ಮತ್ತೆ ಮದುವೆಯಾಗುವುದಾದರೆ ಪುರೋಹಿತರಿಲ್ಲ, ಓಲಗವಿಲ್ಲ. ಗಂಡು ಒಂದು ಸೀರೆ ಕೊಡುತ್ತಾನೆ, ಹೆಣ್ಣು ಉಟ್ಟುಕೊಳ್ಳುತ್ತಾಳೆ, ನೆಂಟರು ಉಣ್ಣುತ್ತಾರೆ, ಅಷ್ಟೇ. ನರಸಿಂಹಮ್ಮ ಕೈಯಲ್ಲಿ ಹಿಡಿದಿದ್ದ ಟಗರಿನ ಕಿವಿ ಬಿಡದೆ, ಸುತ್ತಲಿನವರಿಗೆ ಕೇಳುವಂತೆ ಹೇಳಿದಳು:

"ಹಬ್ಬ ಕಳೀಲಿ. ನಿನ್ ಕಡೇರ್ನ ಕರ್ಕೊಂಡು ಮನೆಗೆ ಬಾ, ದಲ್ಲಾಳಿ. ಸೀರೆ ಮಾತು ಆಮೇಲೆ. ಮೊದ್ಲು ಬಾಯಿ ನೋಡ್ತೀನಿ."

ಸುತ್ತ ನಿಂತವರು ಕುರಿಗಳಿಗಿಂತ ಜೋರಾಗಿ ಅರಚಿ ನಕ್ಕರು. ಪಾಲಣ್ಣನೂ ತುಟಿ ಬಿಗಿಹಿಡಿದೇ ನಕ್ಕ.

"ಕುರಿ ಬಾಯಿ ನೋಡೋದು ಸರಿ ಕಣಮ್ಮ. ಮನುಷ್ರದ್ದು ಹೆಂಗೆ ನೋಡ್ತೀಯ?"

"ಕುರಿ ಒಂದೊತ್ತಿನ ಸಾರಿಗೆ ಬರೋದು, ಅದಕ್ಕೇ ಅಷ್ಟು ನೋಡ್ತೀವಿ. ಗಂಡ ಅಂಗಲ್ಲ. ತೋರಿಸ್ದಿದ್ರೆ ಅರ್ಧ ಬೆಲೆ. ಕಾನೂನು ನಿಮ್ದೇ, ನಂದಲ್ಲ."

ತಾವರೆಕೆರೆಯ ಕಡೆ ಈ ಕಥೆ ಹೇಳುವವರು ಇಲ್ಲಿ ನಿಲ್ಲಿಸಿ ಒಂದು ಬೀಡಿ ಹಚ್ಚುತ್ತಾರೆ. ಪಾಲಣ್ಣನ ಕಷ್ಟ ಕೇಳುಗರ ಮನಸ್ಸಿಗಿಳಿಯಲಿ ಎಂದು.

ಆ ಸಂಜೆ ಪಾಲಣ್ಣ ನಿಡುಗಲ್ಲಿಗೆ ಹೋಗಿ, ಬಾಗಿಲ ಬೆಳಕಿನಲ್ಲಿ ಕನ್ನಡಿ ಹಿಡಿದು, ತನ್ನ ಬಾಯನ್ನು ಸಂತೆಗೆ ಬಂದ ಪರಕೀಯ ಟಗರಿನದೆಂಬಂತೆ ಪರೀಕ್ಷಿಸಿದ. ವಸಡು ಊದಿತ್ತು, ಊದದ ಕಡೆ ಕೆಳಗಿಳಿದು ಹಲ್ಲಿನ ಬೇರನ್ನು ಹೊರಗೆ ಹಾಕಿತ್ತು. ಎರಡು ಮುಂಹಲ್ಲುಗಳು ನಾಲಗೆಗೆ ತೂಗುತ್ತಿದ್ದವು. ವೃತ್ತಿಧರ್ಮಕ್ಕೆ ಅನುಸಾರವಾಗಿ ಅವನು ತೀರ್ಪು ಕೊಟ್ಟುಕೊಂಡ: ಈ ಟಗರನ್ನು ಸಾಕುವವರಿಗೆ ಮಾರಲಾಗದು, ಕೊಯ್ಯುವವರೇ ಕೊಳ್ಳಬೇಕು.

ಮಧುಗಿರಿಯ ಚೇತನ್ ಕುಮಾರ್ ಅವನ ಬಾಳಿನಲ್ಲಿ ಪ್ರವೇಶಿಸಿದ್ದು ಇಂಥ ಸಂಕಟದ ಹೊತ್ತಿನಲ್ಲಿ. ಚೇತನ್ ಕುಮಾರ್ ಹಿಂದೆ ಪಶು ಆಹಾರದ ಏಜೆಂಟನಾಗಿದ್ದ. ದನಗಳು ಸಭೆಗೆ ಬರುವುದಿಲ್ಲವೆಂಬ ಕೊರತೆ ಅವನನ್ನು ಬಾಧಿಸುತ್ತಿತ್ತು. ಈಗ ಕತ್ತಿಗೆ ಟೈ ಬಿಗಿದು, ಮನುಷ್ಯರಿಗೆ ಪೂರಕ ಆಹಾರದ ಡಬ್ಬಿ ಮಾರುತ್ತ, ಮಧುಗಿರಿಯ ಒಂದು ಛತ್ರದಲ್ಲಿ ಆರೋಗ್ಯ ಸಭೆ ನಡೆಸುತ್ತಿದ್ದ. ಮಂಡಿಗೆ ಒಂದು ಡಬ್ಬಿ, ಮರೆವಿಗೆ ಒಂದು, ಕೂದಲಿಗೆ ಎರಡು. ವಸಡಿನ ಡಬ್ಬಿಯಲ್ಲಿ ವಿಟಮಿನ್ ಸಿ ಇದೆ, ವಿಟಮಿನ್ ಡಿ ಇದೆ, ಕ್ಯೂ ಟೆನ್ ಎಂಬುದಿದೆ, ಹಸಿರು ಚಹಾದ ಸಾರವಿದೆ ಎಂದು ಅವನು ಪರದೆಯ ಮೇಲೆ ಚಿತ್ರ ತೋರಿಸಿದ. ಚಿತ್ರದಲ್ಲಿ ಮೊದಲು ಒಂದು ಕಪ್ಪು ಬಾಯಿ, ಆಮೇಲೆ ಒಂದು ಗುಲಾಬಿ ಬಾಯಿ. ಎರಡೂ ಒಬ್ಬರದಲ್ಲವೆಂದು ಪಾಲಣ್ಣನ ಕಣ್ಣು ತಕ್ಷಣ ಹಿಡಿಯಿತು. ಹಲ್ಲಿನ ಸಾಲೇ ಬೇರೆ. ಆದರೆ ಆಸೆಗೆ ಬಿದ್ದವನ ಕಣ್ಣು ಕಂಡದ್ದನ್ನೆಲ್ಲ ಮನಸ್ಸಿಗೆ ವರದಿ ಮಾಡುವುದಿಲ್ಲ.

ಸಭೆ ಮುಗಿದ ಮೇಲೆ ಪಾಲಣ್ಣ ಒಂದೇ ಪ್ರಶ್ನೆ ಕೇಳಿದ: ಇದರ ಅಳತೆ ತಲೆಗೆ ಇಷ್ಟು ಎಂದೋ, ತೂಕಕ್ಕೆ ಇಷ್ಟು ಎಂದೋ? ಚೇತನ್ ಕುಮಾರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗದ ಪ್ರಶ್ನೆಗೆ ನಗುಮುಖದಿಂದ ಉತ್ತರಿಸಬೇಕೆಂಬುದು ಅವನ ವ್ಯಾಪಾರದ ಮೊದಲ ಪಾಠ.

"ನಿಮ್ಮ ಬಾಡೀಗೆ ಎಷ್ಟು ಬೇಕೋ ಅಷ್ಟು ಸಾರ್."

ಇಷ್ಟು ಸಾಕಾಯಿತು. ಕುರಿಗೆ ಜಂತುಹುಳದ ಔಷಧ ಕುಡಿಸುವವರಿಗೆಲ್ಲ ಗೊತ್ತಿರುವ ಮಾತು: ಮೊದಲು ತೂಕ, ಆಮೇಲೆ ಔಷಧ. ಡಬ್ಬಿಯ ಮೇಲೆ ದಿನಕ್ಕೊಂದು ಎಂದು ಅಚ್ಚಾಗಿತ್ತು. ಅದು ಪೇಟೆಯ ಸಣಕಲು ಮೈಯವರಿಗಾಗಿ ಬರೆದದ್ದೆಂದು ಪಾಲಣ್ಣ ತೀರ್ಮಾನಿಸಿದ. ಹಾಗೆಂದು ಏಕಾಏಕಿ ನುಂಗುವಷ್ಟು ಅವಿವೇಕಿಯೂ ಅವನಲ್ಲ. ಹೊಸ ಮೇವಾಗಲಿ ಹೊಸ ಔಷಧವಾಗಲಿ ಇಡೀ ಮಂದೆಗೆ ಹಾಕುವ ಮೊದಲು ಕೆಲಸಕ್ಕೆ ಬಾರದ ಒಂದು ಟಗರಿಗೆ ಹಾಕಿ ನೋಡುವುದು ಹಿರಿಯರ ಪದ್ಧತಿ.

ಅಂಥ ಟಗರು ತಿರುಮಣಿಯಲ್ಲಿತ್ತು. ಪಾಲಣ್ಣನ ತಂಗಿಯ ಗಂಡ ಓಬಳರಾಜು ತನ್ನ ಜಮೀನನ್ನು ಸೋಲಾರ್‌ನವರಿಗೆ ಗುತ್ತಿಗೆ ಕೊಟ್ಟು, ಬಿಸಿಲೇ ಬೆಳೆಯಾದ ಮೇಲೆ ಮಾಡಲು ಕೆಲಸವಿಲ್ಲದೆ, ಬೇಲಿಯ ಪಕ್ಕದ ಹುಲ್ಲಿನಲ್ಲಿ ಒಂದಷ್ಟು ಕುರಿ ಬಿಟ್ಟುಕೊಂಡು ಕೂತಿದ್ದ. ಅವನ ಬಳಿಯ ಗುಂಡ ಎಂಬ ಮುದಿ ಟಗರಿಗೆ ಬಾಯಿಗೂಡಿ ವರ್ಷಗಳಾಗಿದ್ದವು. ಪಾಲಣ್ಣ ದಿನವೂ ರಾಗಿ ಮುದ್ದೆಯ ಚೂರಿನೊಳಗೆ ಗುಳಿಗೆ ಹುದುಗಿಸಿ ಗುಂಡನಿಗೆ ತಿನ್ನಿಸಿದ. ಗುಂಡ ಸಾಯಲಿಲ್ಲ. ಸಾಯದಿದ್ದುದಷ್ಟೇ ಅಲ್ಲ, ಕಣ್ಣಿಗೆ ಕಾಂತಿ ಬಂದು, ಓಬಳರಾಜುವಿನ ಹೆಂಡತಿಯನ್ನು ಹಿತ್ತಲ ತನಕ ಅಟ್ಟಿಸಿಕೊಂಡು ಹೋಯಿತು.

"ಏಮಿ ಬಾವಾ, ಟಗರಿಗೆ ಮದುವೆನಾ ನಿಂಗೆ ಮದುವೆನಾ?" ಎಂದು ಓಬಳರಾಜು ಕೇಳಿದ.

ಪಾಲಣ್ಣ ಟಗರಿನ ತೂಕವನ್ನೂ ತನ್ನ ತೂಕವನ್ನೂ ಮನಸ್ಸಿನಲ್ಲೇ ತೂಗಿ, ಅಂದಿನಿಂದ ದಿನಕ್ಕೆರಡು ನುಂಗತೊಡಗಿದ.

ಈಗ ಸೋಜಿಗದ ಮಾತು. ಕಡ್ಡಿಯ ಮೇಲಿನ ಕೆಂಪು ಕಡಿಮೆಯಾಯಿತು. ಈ ಭಾಗವನ್ನು ಕೆಲವರು ಬಿಟ್ಟು ಹೇಳುತ್ತಾರೆ. ಗುಳಿಗೆಯನ್ನು ಪೂರಾ ಬೈಯುವುದು ಕಥೆಗೆ ಸುಲಭವೆಂದು. ಆದರೆ ಮುದ್ದೆ, ಸಾರು, ಎಲೆಅಡಿಕೆ ಬಿಟ್ಟರೆ ಹಣ್ಣು ಕಾಯಿ ಕಾಣದ ಆ ದೇಹಕ್ಕೆ ಗುಳಿಗೆ ಏನೋ ಒಂದು ಕೊಟ್ಟದ್ದು ನಿಜ. ಆದರೂ ತೂಗುವ ಹಲ್ಲು ತೂಗುತ್ತಲೇ ಇತ್ತು. ಇಳಿದ ವಸಡು ಇಳಿದಲ್ಲೇ ಕೂತಿತ್ತು. ಕೊನೆಗೆ ಅವನು ಸಿರಾದಲ್ಲಿ ಹಲ್ಲಿನ ಡಾಕ್ಟರಾದ ಲೋಹಿತಾಳ ಬಳಿಗೆ ಹೋದ. ಅವಳ ತಂದೆ ಪೇಟೆಬೀದಿಯ ಹಳೆಯ ವ್ಯಾಪಾರಿ. ಮನೆತನದ ಮಡಿಯಲ್ಲಿ ಮಾಂಸದ ಹೆಸರೂ ಎತ್ತುವಂತಿಲ್ಲ. ಅಂಥವಳು ಕುರಿಸಂತೆಯವರ ಬಾಯಿಯೊಳಗೆ ಕನ್ನಡಿ ಇಳಿಬಿಟ್ಟು, ನಿನ್ನೆ ತಿಂದದ್ದು ಕಾಲೋ ತಲೆಯೋ ಎಂದು ಮೂಗು ಮುರಿಯದೆ ಹೇಳಬಲ್ಲವಳಾಗಿದ್ದಳು.

ಲೋಹಿತಾ ನೋಡಿದಳು. ಡಬ್ಬಿಯನ್ನೂ ಓದಿದಳು. ಬೈಯಲಿಲ್ಲ.

"ಯಜಮಾನ್ರೇ, ಮೈಯಲ್ಲಿ ಕೊರತೆ ಇದ್ರೆ ಇದ್ರಿಂದ ವಸಡಿನ ರಕ್ತ ಸ್ವಲ್ಪ ಕಡಿಮೆ ಆಗುತ್ತೆ, ಸುಳ್ಳಲ್ಲ. ಒಂದು ನೆಲ್ಲಿಕಾಯಿ ತಿಂದ್ರೂ ಆಗುತ್ತೆ. ಆದ್ರೆ ಹಲ್ಲಿನ ಬುಡದಲ್ಲಿ ಕಲ್ಲು ಕಟ್ಕೊಂಡಿದೆ. ಅದು ಯಾವ ಗುಳಿಗೆಗೂ ಕರಗಲ್ಲ. ಕೆರೆದೇ ತೆಗೀಬೇಕು."

ಎಲೆಅಡಿಕೆ ಬಿಡಬೇಕೆಂದಳು, ಡಬ್ಬಿಯಲ್ಲಿ ಅಚ್ಚಾದದ್ದಕ್ಕಿಂತ ಒಂದನ್ನೂ ಹೆಚ್ಚು ನುಂಗಬಾರದೆಂದಳು, ಬುಡ ಕೆರೆದರೆ ಉಳಿಯುವ ಹಲ್ಲು ಉಳಿಯುತ್ತದೆಂದೂ ಆ ಎರಡು ಮಾತ್ರ ಉಳಿಯಲಿಕ್ಕಿಲ್ಲವೆಂದೂ ಹೇಳಿದಳು. ಕೆಚ್ಚಲು ಬಾತರೆ ಮದ್ದು ಬಿಟ್ಟು ಹಿಂಡಿ ತಿನ್ನಿಸುವವರನ್ನು ಕಂಡು ಜೀವಮಾನವೆಲ್ಲ ನಕ್ಕಿದ್ದ ಪಾಲಣ್ಣನಿಗೆ ಈ ಮಾತು ಅರ್ಥವಾಗಬೇಕಿತ್ತು. ಆದರೆ ಕೆರೆದರೆ ಹಲ್ಲು ಸಡಿಲವಾಗುತ್ತದೆಂಬ ನಂಬಿಕೆ ಮಧುಗಿರಿ ಬೆಟ್ಟಕ್ಕಿಂತ ಹಳೆಯದು. ಕಲ್ಲು ಕಿತ್ತರೆ ಗೋಡೆ ನಿಲ್ಲುತ್ತದೆಯೇ? ಯುಗಾದಿ ಹತ್ತಿರ ಬಂದಿತ್ತು. ಎರಡು ಹಲ್ಲು ಕಳೆದುಕೊಂಡು ನರಸಿಂಹಮ್ಮನೆದುರು ನಿಲ್ಲುವುದು ಹೇಗೆ? ಅವನು ಕುರ್ಚಿಯಿಂದಿಳಿದು ಹೊರಟುಬಂದ. ಲೋಹಿತಾ ಹೇಳಿದ್ದರಲ್ಲಿ ಒಂದು ಮಾತನ್ನು ಮಾತ್ರ ದಾರಿಯುದ್ದಕ್ಕೂ ಎದೆಗವಚಿಕೊಂಡ: ಕೊರತೆ ಇದ್ದರೆ ಗುಳಿಗೆ ಗುಣ ಕೊಡುತ್ತದೆ. ಹಾಗಾದರೆ ತನ್ನದು ಐವತ್ತೊಂಬತ್ತು ವರ್ಷದ ಕೊರತೆ. ಅದನ್ನು ಎರಡೆರಡರಂತೆ ತುಂಬಿಸುತ್ತ ಕೂತರೆ ಯಾವಾಗ ಮುಗಿದೀತು?

ಹಬ್ಬ ಕಳೆಯಿತು. ಹೆಣ್ಣಿನ ಮನೆಗೆ ಹೋಗುವ ದಿನ ಬೆಳಿಗ್ಗೆ ಪಾಲಣ್ಣ ಡಬ್ಬಿಯನ್ನು ಅಂಗೈಗೆ ಬಗ್ಗಿಸಿಕೊಂಡ. ಎಷ್ಟು ಬಿದ್ದವೆಂಬುದರಲ್ಲಿ ಹೇಳುವವರ ನಡುವೆ ಒಮ್ಮತವಿಲ್ಲ. ಪಾವಗಡದವರು ಒಂದು ಹಿಡಿ ಎನ್ನುತ್ತಾರೆ, ಸಿರಾದವರು ಡಬ್ಬಿಯೇ ಖಾಲಿ ಎನ್ನುತ್ತಾರೆ. ಅಂಗೈಯಲ್ಲಿ ಬಿದ್ದದ್ದೆಲ್ಲ ಮಜ್ಜಿಗೆಯ ಜೊತೆ ಒಳಗೆ ಹೋಯಿತೆಂಬುದರಲ್ಲಿ ಮಾತ್ರ ಒಮ್ಮತವಿದೆ.

ಪಾವಗಡದಲ್ಲಿ ಬಸ್ ಹತ್ತಿದಾಗ ಅವನು ಹೊಸ ಅಂಗಿಯಲ್ಲಿ ಮದುವಣಿಗನಂತೆಯೇ ಕಾಣುತ್ತಿದ್ದ. ಮಿಡಿಗೇಶಿಯ ಹತ್ತಿರ ಹೊಟ್ಟೆಯೊಳಗೆ ಯಾರೋ ಮಂಚ ಎಳೆದ ಸದ್ದಾಯಿತು. ಪಕ್ಕದಲ್ಲಿ ಕೂತಿದ್ದ ಓಬಳರಾಜು ಬಸ್ಸಿನ ಗೇರೆಂದುಕೊಂಡ. ಮಧುಗಿರಿ ನಿಲ್ದಾಣದಲ್ಲಿ ಬಸ್ ನಿಲ್ಲುವ ಮೊದಲೇ ಪಾಲಣ್ಣ ಇಳಿದು ಓಡಿದ್ದನ್ನು ಕಂಡ ಕಂಡಕ್ಟರು, ಟಿಕೆಟ್ ಇಲ್ಲದವನಿರಬೇಕೆಂದು ಹಿಂದೆ ಓಡಿ, ಗುರಿ ಯಾವುದೆಂದು ತಿಳಿದ ಮೇಲೆ ಗೌರವದಿಂದ ಹಿಂತಿರುಗಿದ. ಅಲ್ಲಿಂದ ಕೊರಟಗೆರೆಯ ತನಕ ಪಾಲಣ್ಣ ಮುಂದಿನ ಸೀಟಿನ ಕಂಬಿ ಹಿಡಿದು, ಕಣ್ಣುಮುಚ್ಚಿ, ಊರಿನ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆದ.

"ಬಾವಾ, ಇವತ್ತು ಬ್ಯಾಡ, ವಾಪಸ್ ಹೋಗೋಣ," ಎಂದ ಓಬಳರಾಜು.

"ಇವತ್ತು ಹೋಗ್ದಿದ್ರೆ ಬಾಯಿ ತೋರ್ಸೋಕೆ ಹೆದರ್ಕಂಡ ಅಂತಾಳೆ ಕಣ್ಲಾ."

ನರಸಿಂಹಮ್ಮನ ಮನೆಯ ನಡುಮನೆಯಲ್ಲಿ ಅವಳ ಅಣ್ಣ ದಾಸಯ್ಯ ಚಾಪೆ ಹಾಸಿ ಕೂರಿಸಿದ. ದಾಸಯ್ಯ ಮಾತು ಕಡಿಮೆಯ ಮನುಷ್ಯ. ಆ ತಂಗಿಯ ಜೊತೆ ಬೆಳೆದವರೆಲ್ಲ ಹಾಗೆಯೇ ಆಗುತ್ತಿದ್ದರು. ನರಸಿಂಹಮ್ಮ ಹೊಸ ಸೀರೆಯನ್ನೇನೂ ಉಟ್ಟಿರಲಿಲ್ಲ, ಹೋಟೆಲಿನಿಂದ ಕೈ ಒರೆಸಿಕೊಂಡೇ ಬಂದಿದ್ದಳು. ನೆಂಟರಿಗೆಂದು ದೊಡ್ಡ ತಟ್ಟೆಯಲ್ಲಿ ನಲ್ಲಿಮೂಳೆಗಳನ್ನು ತಂದಿಟ್ಟಳು. ಕಚ್ಚಿ, ಸೀಪಿ, ಬಡಿದು ತಿನ್ನಬೇಕಾದ ಮೂಳೆಗಳು. ಪಾಲಣ್ಣ ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಮೂಳೆಗಳನ್ನು ದೂರದ ನೆಂಟರನ್ನು ನೋಡುವಂತೆ ನೋಡಿದ. ಅವಳು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಟವಲ್ ತೆಗಿ, ದಲ್ಲಾಳಿ. ಇಂಗೆ ಬೆಳಕಿನ್ ಕಡೆ ತಿರುಗು."

ಟವೆಲು ಕೆಳಗಿಳಿಯಿತು. ತುಟಿ ಬಿಚ್ಚಿತು. ಆದರೆ ಹೊರಬಂದ ಮಾತು ಬೇರೆಯಾಗಿತ್ತು.

"ಹಿತ್ಲು ಯಾವ ಕಡೆ ಐತಮ್ಮ?"

ಅವನು ಹಿತ್ತಲಿಗೆ ಹೋಗಿ ಬಂದ. ಕೂತ. ಅವಳು ಕೈ ಚಾಚುವಷ್ಟರಲ್ಲಿ ಮತ್ತೆ ಎದ್ದ. ಹೀಗೆ ಅವನು ನಡುಮನೆಗೂ ಹಿತ್ತಲಿಗೂ ನಡುವೆ ಮಗ್ಗದ ಲಾಳಿಯಂತೆ ಓಡಾಡುವಾಗ, ಒಳಗೆ ದಾಸಯ್ಯನೂ ಓಬಳರಾಜುವೂ ಮಳೆಯ ವಿಚಾರ ಮಾತನಾಡಿದರು. ಮಳೆಯ ಮಾತು ಮುಗಿದ ಮೇಲೆ ಓಬಳರಾಜು ಗುಳಿಗೆಯ ಕಥೆಯನ್ನು ಅಷ್ಟಿಷ್ಟು ಹೇಳಿದ. ಗುಂಡನಿಂದ ಮೊದಲುಗೊಂಡು, ತೂಕದ ಅಳತೆ, ಸಿರಾದ ಡಾಕ್ಟರಮ್ಮ ಹೇಳಿದ ಮಾತಿನ ತನಕ. ಅದು ಹೊಟ್ಟೆಯ ಕಾಯಿಲೆಯೆಂದು ಅವರು ಭಯಪಡದಿರಲಿ ಎಂಬುದೇ ಅವನ ಒಳ್ಳೆಯ ಉದ್ದೇಶ. ನರಸಿಂಹಮ್ಮ ನಗಲಿಲ್ಲ; ಎದ್ದು ಅಡಿಗೆಮನೆಗೆ ಹೋದಳು.

ಕೊನೆಯ ಸಲ ಬಂದಾಗ ಪಾಲಣ್ಣನಿಗೆ ಕಂಬ ಒರಗದೆ ಕೂರುವ ಶಕ್ತಿ ಇರಲಿಲ್ಲ. ಟವೆಲು ಹಿತ್ತಲ ಬೇಲಿಯ ಮೇಲೆಯೇ ಉಳಿದಿತ್ತು. ನರಸಿಂಹಮ್ಮ ಉಪ್ಪು ಬೆಲ್ಲ ಕದಡಿದ ನೀರಿನ ಚೊಂಬು ತಂದು, ಎಡಗೈಯಲ್ಲಿ ಅವನ ಗಲ್ಲ ಎತ್ತಿ ಕುಡಿಸಿದಳು. ಕುಡಿದಾದ ಮೇಲೂ ಆ ಕೈ ಅಲ್ಲಿಂದ ಸರಿಯಲಿಲ್ಲ. ಹೆಬ್ಬೆರಳು ಕೆಳದುಟಿಯನ್ನು ಮೆಲ್ಲಗೆ ಕೆಳಗೊತ್ತಿತು. ಹಿಡಿತ ಪಾಲಣ್ಣನಿಗೆ ಪರಿಚಯದ್ದು. ಅವನದೇ ಹಿಡಿತ, ಸಂತೆಯಲ್ಲಿ ನೋಡಿ ನೋಡಿ ಕಲಿತದ್ದು. ಅವನು ಜೀವಮಾನವೆಲ್ಲ ಹಿಡಿದ ಟಗರುಗಳು ಏಕೆ ಅಷ್ಟು ಸುಮ್ಮನೆ ನಿಲ್ಲುತ್ತಿದ್ದವೆಂದು ಈಗ ತಿಳಿಯಿತು.

ಅವಳು ಬೆಳಕಿಗೆ ತಿರುಗಿಸಿ ನೋಡಿದಳು. ಸಾವಕಾಶವಾಗಿ ನೋಡಿದಳು. ಆಮೇಲೆ ದಾಸಯ್ಯನ ಕಡೆ ತಿರುಗಿ ಹೇಳಿದಳು:

"ನಲವತ್ತೆಂಟು ಅಂದಿದ್ದ. ಸುಳ್ಳು. ಐವತ್ನಾಕು ಐತೆ."

ಇಲ್ಲಿಗೆ ಮುಗಿದಿದ್ದರೆ ಪಾಲಣ್ಣ ಐದು ವರ್ಷ ಲಾಭದಲ್ಲಿ ಎದ್ದು ಬರಬಹುದಿತ್ತು. ಆರು ವರ್ಷದ ಸುಳ್ಳು ಸಿಕ್ಕಿಬಿದ್ದಿತ್ತು, ಉಳಿದದ್ದು ದಕ್ಕುತ್ತಿತ್ತು. ಓಬಳರಾಜು ಆಗಲೇ ತಲೆಯಾಡಿಸಿ ಒಪ್ಪಿಕೊಳ್ಳುವುದರಲ್ಲಿದ್ದ. ಆದರೆ ಒಂದು ಬಾಯಿಯನ್ನು ತಪ್ಪಾಗಿ ಓದಿದ್ದನ್ನು ಕೇಳಿ ಸುಮ್ಮನಿರುವುದು ಪಾಲಣ್ಣನಿಗೆ ಸಾಧ್ಯವಿರಲಿಲ್ಲ, ಅದು ತನ್ನ ಬಾಯೇ ಆದರೂ. ಕಂಬಕ್ಕೊರಗಿದ್ದವನು ಬೆನ್ನು ನೆಟ್ಟಗೆ ಮಾಡಿಕೊಂಡ.

"ತಪ್ಪು."

"ಏನ್ ತಪ್ಪು?"

"ಬರೀ ಮುಂದಿನ್ ಸಾಲು ನೋಡ್ಬುಟ್ಟು ಹೇಳ್ತೀಯ. ಹಿಂದಲ ದವಡೆ ನೋಡು. ಬೆರಳು ಹಾಕು, ಅಲ್ಲಾಡ್ಸು. ಇಲ್ಲಿ... ವಸಡು ಹೆಂಗೆ ಇಳಿದೈತೆ ನೋಡು, ಬೇರು ಕಾಣ್ತೈತೆ. ಮುಂದಲ ಈ ಎರಡೂ ತೂಗ್ತಾವೆ. ಇದು ಐವತ್ತೊಂಬತ್ತರ ಬಾಯಿ ಕಣಮ್ಮ. ಇಂಗೆ ಐವತ್ನಾಕು ಅಂತ ಹೇಳ್ತಿದ್ರೆ ಸಂತೇಲಿ ನಿಂಗೆ ಟೋಪಿ ಹಾಕ್ಬುಡ್ತಾರೆ."

ಓಬಳರಾಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ತಾನು ಏನು ಹೇಳಿದೆನೆಂಬುದು ಪಾಲಣ್ಣನಿಗೆ ಹೇಳಿಯಾದ ಮೇಲೆ ಕೇಳಿಸಿತು. ಅವನು ಬಾಯಿ ಮುಚ್ಚಿದ. ಅವನು ಹೇಳಿದಂತೆ ಒಳಗೆ ಹೋಗಿದ್ದ ನರಸಿಂಹಮ್ಮನ ಬೆರಳು ಇನ್ನೂ ಅಲ್ಲೇ ಇದ್ದುದರಿಂದ ಪೂರಾ ಮುಚ್ಚಲಾಗಲಿಲ್ಲ.

ಅವಳು ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನಕ್ಕಳು. ಹೋಟೆಲಿನಲ್ಲಿ ಗಿರಾಕಿಗಳೆದುರು ನಗುವ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಚಾಪೆಯ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವ ತನಕ. ಮಾತೇ ಆಡದ ದಾಸಯ್ಯನೂ ಗೋಡೆಗೆ ಮುಖ ತಿರುಗಿಸಿ ಹೆಗಲು ಕುಣಿಸಿದ.

"ಟಗರು ತಾನೇ ಬಾಯಿಬಿಟ್ಟು ವಯಸ್ಸು ಹೇಳಿದ್ದು ಇದೇ ಮೊದ್ಲು," ಎಂದಳು ಅವಳು.

ಪಾಲಣ್ಣ ಅರ್ಧ ಬೆಲೆಯೂ ಹೋಯಿತೆಂದುಕೊಂಡು ಹೊಸ ಅಂಗಿಯ ಗುಂಡಿಯನ್ನು ಸುಮ್ಮನೆ ತಿರುವುತ್ತ ಕೂತ. ಆಗ ನರಸಿಂಹಮ್ಮ ಒಳಗಿನಿಂದ ಒಂದು ಒಗೆದ ಟವೆಲು ತಂದು, ಅವನ ಬಲಗೈಯ ಮೇಲೆ ಹೊದಿಸಿ, ತನ್ನ ಕೈಯನ್ನು ಅದರೊಳಗೆ ತೂರಿಸಿದಳು. ಸಂತೆಯಲ್ಲಿ ಬೆಲೆ ಕುದುರುವುದು ಹೀಗೆಯೇ. ಮುಸುಕಿನೊಳಗೆ ಬೆರಳು ಹಿಡಿದು ಹೇಳಿದ ಬೆಲೆ ಇಬ್ಬರಿಗಲ್ಲದೆ ಮೂರನೆಯವರಿಗೆ ತಿಳಿಯುವುದಿಲ್ಲ. ಅವಳು ಎಷ್ಟು ಬೆರಳು ಹಿಡಿದಳೆಂಬುದನ್ನು ಪಾಲಣ್ಣ ಯಾರಿಗೂ ಹೇಳಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ಓಬಳರಾಜು ನೋಡಿದ. ಅರ್ಧ ಬೆಲೆಗೆ ಕಿವಿ ಅಷ್ಟು ಕೆಂಪಾಗುವುದಿಲ್ಲವೆಂದು ಅವನ ವಾದ.

ಮುಸುಕಿನ ಕೈ ಬಿಡದೆಯೇ ಅವಳು ಕರಾರು ಹೇಳಿದಳು. ಸಿರಾದ ಡಾಕ್ಟರಮ್ಮನ ಹತ್ತಿರ ಹೋಗಿ ಬುಡ ಕೆರೆಸಿಕೊಂಡು ಬರಬೇಕು, ಹೋಗುವ ಹಲ್ಲು ಹೋಗಲಿ. ಎಲೆಅಡಿಕೆ ಅಂದಿಗೇ ಕೊನೆ. ಅದರ ಕೆಂಪು ಯಾವುದು, ವಸಡಿನ ಕೆಂಪು ಯಾವುದೆಂದು ತಟ್ಟೆ ತೊಳೆಯುವವಳಿಗೆ ಗೊತ್ತಾಗದೆಂದುಕೊಂಡಿದ್ದ ಅವನ ಬುದ್ಧಿಗೆ ಏನು ಹೇಳುವುದು? ಡಬ್ಬಿಯ ಬದಲು ಊಟಕ್ಕೆ ನೆಲ್ಲಿಕಾಯಿ ಚಟ್ನಿ. ಇದೆಲ್ಲ ಆದ ಮೇಲೆ ಸೀರೆ.

ಒಪ್ಪಿಕೊಂಡ ಪಾಲಣ್ಣನಿಗೆ ಆಗ ಸ್ವಲ್ಪ ಧೈರ್ಯ ಬಂತು. ದಲ್ಲಾಳಿ ಎಷ್ಟಾದರೂ ದಲ್ಲಾಳಿ.

"ಎಲ್ಲಾ ಸರಿ. ನಿನ್ ಬಾಯಿ ನಾನು ನೋಡೋದು ಬ್ಯಾಡ್ವಾ?"

"ಮಾರೋಕ್ ಬಂದಿರೋದು ನೀನು," ಎಂದಳು ನರಸಿಂಹಮ್ಮ. "ಕೊಳ್ಳೋರ ಬಾಯಿ ಯಾವ್ ಸಂತೇಲಿ ನೋಡ್ತಾರೆ?"

ಅವಳ ವಯಸ್ಸು ಎಷ್ಟೆಂಬುದು ಇಂದಿಗೂ ಯಾರಿಗೂ ತಿಳಿಯದು. ಅವನಿಗಿಂತ ದೊಡ್ಡವಳೆಂದು ಮಧುಗಿರಿಯವರು, ಅಲ್ಲವೆಂದು ಕೊರಟಗೆರೆಯವರು. ಪಾಲಣ್ಣ ದಿನವೂ ಎದುರಿಗೆ ಕೂತು ಉಣ್ಣುತ್ತಾನೆ. ಅವನ ಕಣ್ಣಿಗೆ ಕಾಣದೆ ಇರದು. ಕೇಳಿದವರಿಗೆ ಮಾತ್ರ, ಆ ಬಾಯಿ ಇನ್ನೂ ತನ್ನ ಕೈಗೆ ಬಂದಿಲ್ಲ ಎನ್ನುತ್ತಾನೆ.

ಲೋಹಿತಾ ಮೂರು ಸಲ ಕರೆಸಿ ಬುಡ ಕೆರೆದಳು. ತೂಗುತ್ತಿದ್ದ ಎರಡು ಹಲ್ಲು ಹೋದವು, ಉಳಿದವು ನಿಂತವು, ಗೋಡೆ ಬೀಳಲಿಲ್ಲ. ಸೀರುಡಿಕೆಯ ಊಟಕ್ಕೆ ಓಬಳರಾಜು ಗುಂಡನನ್ನೇ ತಂದುಕೊಟ್ಟ. ಕೊಯ್ಯುವ ಮೊದಲು ಪದ್ಧತಿಯಂತೆ ಅದರ ಬಾಯಿ ನೋಡಿದರು. ನಾಲ್ಕು ತಾಲ್ಲೂಕಿನಲ್ಲಿ ಅಂಥ ಗಟ್ಟಿ ವಸಡು ಯಾವ ಮುದಿ ಟಗರಿಗೂ ಇರಲಿಲ್ಲವೆಂದು ನೋಡಿದವರೆಲ್ಲ ಹೇಳುತ್ತಾರೆ. ಚೇತನ್ ಕುಮಾರ್ ಅದರ ಚಿತ್ರವೊಂದು ಬೇಕೆಂದು ಹೇಳಿಕಳಿಸಿದನಂತೆ. ಮಾಂಸ ಮಾತ್ರ ಚಪ್ಪಲಿಯಂತಿತ್ತು. ನೆಂಟರು ದವಡೆ ನೋಯುವ ತನಕ ಜಗಿದು, ಜಗಿದು, ಸೋತು ತಟ್ಟೆಯ ಅಂಚಿಗೆ ಸರಿಸಿದರು. ಇನ್ನೂ ಗಟ್ಟಿ ಕಚ್ಚಬಾರದೆಂದು ಡಾಕ್ಟರಮ್ಮ ಹೇಳಿದ್ದರಿಂದ ಮದುವಣಿಗನೊಬ್ಬನೇ ಅವರ ನಡುವೆ ಕೂತು, ನೆಲ್ಲಿಕಾಯಿ ಚಟ್ನಿ ಹಚ್ಚಿದ ಮುದ್ದೆಯನ್ನು ಒಂದೊಂದೇ ತುತ್ತು ನುಂಗುತ್ತಿದ್ದ. ತಟ್ಟೆಯ ನಡುವೆ ಕಲೀಜದ ತುಂಡುಗಳಿದ್ದವು.